ಮುನಿರಾಜಪ್ಪನವರ ದವಡೆ ಮತ್ತು ನನ್ನ ಕಂಪ್ಯೂಟರು

ನಾನು ಹಲ್ಲಿನ ಡಾಕ್ಟರು. ಜನ ನನ್ನನ್ನು ಕಂಡರೆ ಹೆದರುತ್ತಾರೆ ಎಂಬುದು ನನಗೇನೂ ಹೊಸ ವಿಷಯವಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು ಬಾಯಿ ತುಂಬ ನಗುತ್ತಿದ್ದವರು ನನ್ನ ಕಸುಬು ಗೊತ್ತಾದ ಕೂಡಲೇ ತುಟಿ ಬಿಗಿಹಿಡಿದು ನಗಲು ಶುರು ಮಾಡುತ್ತಾರೆ. ಜಿಲೇಬಿ ಎರಡನೇ ಸಲ ಬಂದಾಗ ನನ್ನ ಕಡೆ ಒಂದು ಕಳ್ಳನೋಟ ಬೀರಿ, ಎಲೆಗೆ ಕೈ ಅಡ್ಡ ಹಿಡಿದು, "ಸಾಕು ಸಾಕು, ನಾನು ಸಿಹಿ ಮುಟ್ಟೋದೇ ಇಲ್ಲ" ಎನ್ನುತ್ತಾರೆ. ಇಷ್ಟೆಲ್ಲ ಜನರನ್ನು ಹೆದರಿಸುವ ನಾನು ಯಾವುದಕ್ಕೆ ಹೆದರುತ್ತೇನೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳಿಬಿಡುತ್ತೇನೆ. ನನ್ನ ಕ್ಲಿನಿಕ್ಕಿನ ಕಂಪ್ಯೂಟರು ನನಗೆ ಏನಾದರೂ ಉಪಕಾರ ಮಾಡಲು ಹೊರಟಿತೆಂದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಅದು ಕೆಟ್ಟು ನಿಂತರೆ ಭಯವಿಲ್ಲ, ಕೆಟ್ಟದ್ದನ್ನು ಸರಿಮಾಡುವವರಿದ್ದಾರೆ. ಚೆನ್ನಾಗಿ ನಡೆಯುತ್ತಿರುವಾಗಲೇ ಇನ್ನೂ ಚೆನ್ನಾಗುತ್ತೇನೆ ಎಂದು ಹೊರಡುತ್ತದಲ್ಲ, ಅದಕ್ಕೆ ನನಗೆ ತಿಳಿದಂತೆ ಯಾವ ಔಷಧಿಯೂ ಇಲ್ಲ.

ನನ್ನ ಕ್ಲಿನಿಕ್ಕು ಇರುವುದು ಬೆನ್ಸನ್ ಟೌನಿನಲ್ಲಿ, ಹಳೆಯ ಬಂಗಲೆಯೊಂದರ ಮುಂದಿನ ಎರಡು ಕೋಣೆಗಳಲ್ಲಿ. ಗದಗಿನಿಂದ ಓದಲೆಂದು ಬಂದವಳು ಇಲ್ಲೇ ಉಳಿದೆ. ಮೊದಲೆಲ್ಲ ಎಕ್ಸ್‌ರೇ ಫಿಲ್ಮನ್ನು ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಈಗ ಬಾಯೊಳಗೆ ಒಂದು ಪುಟ್ಟ ಬಿಲ್ಲೆ ಇಟ್ಟರೆ ಸಾಕು, ಹಲ್ಲಿನ ಬೇರು ಪರದೆಯ ಮೇಲೆ ಆಲದ ಬೇರಿನಷ್ಟು ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಕಂಪ್ಯೂಟರಿಲ್ಲದಿದ್ದರೆ ನನ್ನ ಕೈ ಕಟ್ಟಿದಂತೆ. ಆ ಕಂಪ್ಯೂಟರಿನ ಒಳಗೆ ಕೂತು ಯಜಮಾನಿಕೆ ಮಾಡುವುದನ್ನು ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಆಪರೇಟ್ ಮಾಡುವವಳು ನಾನು ಎಂದುಕೊಂಡೇ ಇಷ್ಟು ವರ್ಷ ಇದ್ದೆ. ಅದು ನನ್ನನ್ನು ಆಪರೇಟ್ ಮಾಡುತ್ತಿದೆ ಎಂದು ತಿಳಿದದ್ದು ತಡವಾಗಿ.

ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ಪರದೆಯ ಎಡಮೂಲೆಯಲ್ಲಿದ್ದ, ಎಲ್ಲಕ್ಕೂ ಮೊದಲು ಒತ್ತಬೇಕಾದ ಗುಂಡಿ ಅಲ್ಲಿರಲಿಲ್ಲ. ನಡುವಿಗೆ ಬಂದು ಕೂತಿತ್ತು. ಯಾರು ಕರೆದರು, ಯಾಕೆ ಬಂತು, ಒಂದು ಮಾತಿಲ್ಲ. ನಮ್ಮ ಅಣ್ಣನ ಮಗ ಬಸವರಾಜ ಮಾರತ್ತಹಳ್ಳಿಯಲ್ಲಿ ಇಂಥ ಕೆಲಸವನ್ನೇ ಮಾಡುವವನು. ಅವನಿಗೆ ಫೋನ್ ಮಾಡಿದೆ.

"ಅತ್ತಿ, ಮಂದಿ ಕಣ್ಣು ಮೊದಲ ನಡುವಕ ಹೋಗ್ತಾವ್ರಿ. ಅದಕ್ಕ ಹಂಗ ಇಟ್ಟಾರ."

"ಯಾರ ಕಣ್ಣೋ ತಮ್ಮಾ? ನನ್ನ ಕಣ್ಣು ಮೂಲಿಗೇ ಹೊಕ್ಕಾವು. ನನ್ನ ಒಂದ್ ಮಾತು ಕೇಳಿದ್ರ ಏನಾಗ್ತಿತ್ತು?"

"ರೂಢಿ ಆಗ್ತೈತಿ ಬಿಡ್ರಿ," ಎಂದ. ಯಾವುದೇ ಹೊಸ ಕಷ್ಟಕ್ಕೆ ಅವನದು ಒಂದೇ ಸಮಾಧಾನ.

ರೂಢಿಯ ಬೆಲೆ ಗೊತ್ತಿರುವವಳಾದ್ದರಿಂದಲೇ ನನಗೆ ಸಿಟ್ಟು. ಗದಗಿನ ಮನೆಯಲ್ಲಿ ನಮ್ಮವ್ವ ಒಲೆಯ ಎಡಕ್ಕೆ ಉಪ್ಪು, ಬಲಕ್ಕೆ ಖಾರ ಇಟ್ಟುಕೊಂಡು, ಕಣ್ಣು ನಮ್ಮ ಮೇಲೆ ಇಟ್ಟು ಬೈಯುತ್ತಲೇ ಸಾರು ಮಾಡಿ ಮುಗಿಸುತ್ತಿದ್ದಳು. ನನ್ನ ಕೆಲಸವೂ ಹಾಗೆಯೇ. ಕನ್ನಡಿ ಎಲ್ಲಿರಬೇಕೋ ಅಲ್ಲಿ, ಕೊಕ್ಕೆ ಎಲ್ಲಿರಬೇಕೋ ಅಲ್ಲಿ. ರೋಗಿಯ ಬಾಯಿಂದ ಕಣ್ಣು ತೆಗೆಯದೆ ಕೈ ಚಾಚಿದರೆ ಬೇಕಾದ್ದೇ ಬೆರಳಿಗೆ ಸಿಗಬೇಕು. ಜನರ ಕಣ್ಣು ನಡುವಿಗೆ ಹೋಗುತ್ತದೆ ಎಂದು ಯಾರೋ ಬಂದು ನನ್ನ ತಟ್ಟೆಯಲ್ಲಿ ಇಕ್ಕಳವನ್ನು ನಡುವೆ ಇಟ್ಟು ಹೋದರೆ, ಕನ್ನಡಿಗೆಂದು ಚಾಚಿದ ಕೈಗೆ ಇಕ್ಕಳ ಬಂದೀತು. ಅದನ್ನು ನೋಡಿದ ರೋಗಿ ಕಂಟೋನ್ಮೆಂಟ್ ಸ್ಟೇಷನ್ನಿನವರೆಗೆ ಓಡಿಯಾನು.

ಇದರ ಇನ್ನೊಂದು ಗುಣವೂ ಇದೆ. ಒಳಗೆ ಏನೂ ಇಲ್ಲದ ಖಾಲಿ ಫೋಲ್ಡರೊಂದನ್ನು ಅಳಿಸಲು ಹೋದರೆ, "ಖಂಡಿತ ಅಳಿಸಬೇಕೇ?" ಎಂದು ತಡೆದು ಕೇಳುತ್ತದೆ. ಅಷ್ಟು ಕರುಣೆ. ಆದರೆ ಯಾವುದಾದರೂ ಹೊಸ ಸೌಲಭ್ಯ ನಿಮಗೆ ಬೇಕೇ ಎಂದು ಕೇಳುವಾಗ ಎರಡೇ ಉತ್ತರ ಇಟ್ಟಿರುತ್ತದೆ: ಒಂದು "ಹೌದು", ಇನ್ನೊಂದು "ಈಗ ಬೇಡ". ಬೇಡವೇ ಬೇಡ ಎನ್ನುವುದಕ್ಕೆ ಜಾಗವೇ ಇಲ್ಲ. ನನ್ನ ಸಹಾಯಕಿ ಸ್ಟೆಲ್ಲಾ ಶಿವಾಜಿನಗರದವಳು, ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಹುಟ್ಟಿ ಬೆಳೆದವಳು. ರೋಗಿಯೊಬ್ಬರಿಗೆ ಕನ್ನಡ, ಮತ್ತೊಬ್ಬರಿಗೆ ತಮಿಳು, ಮಗದೊಬ್ಬರಿಗೆ ಉರ್ದು ಎಂದು ಉಸಿರು ತೆಗೆದುಕೊಳ್ಳದೆ ಬದಲಾಯಿಸುತ್ತಾಳೆ. ಅವಳು ಒಮ್ಮೆ ಅದನ್ನು ನೋಡಿ, "ಅಯ್ಯೋ ಡಾಕ್ಟರ್, ಇದು ನಮ್ಮ ಬೀದಿಗೆ ಬರೋ ಕಾರ್ಪೆಟ್ ಮಾರೋನ ತರಾನೇ. ಬೇಡ ಅಂದ್ರೆ, ಸರಿ ಅಕ್ಕಾ, ನಾಳೆ ಬರ್ತೀನಿ ಅಂತಾನೆ," ಎಂದಿದ್ದಳು.

ಇನ್ನು ಮುನಿರಾಜಪ್ಪನವರ ವಿಷಯಕ್ಕೆ ಬರುತ್ತೇನೆ. ಅವರದು ಕೃಷ್ಣರಾಜಪುರದ ಕಡೆಯ ಹಳೆಯ ಹಳ್ಳಿ. ಕೋಸು, ಬೀನ್ಸು ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮಹಡಿ ಮೇಲೆ ಮಹಡಿ ಎದ್ದಿದೆ, ಹಳ್ಳಿ ನಗರದೊಳಗೆ ಮುಳುಗಿದೆ. ಆದರೆ ಅವರ ಗಂಟಲು ಮಾತ್ರ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ಕಾಲದ್ದೇ. ದೊಡ್ಡ ಆಳು, ದೊಡ್ಡ ಮೀಸೆ. ಊರಿನ ಪಂಚಾಯ್ತಿಗಳಲ್ಲಿ ಅವರು ಕೆಮ್ಮಿದರೆ ಉಳಿದವರು ಮಾತು ನಿಲ್ಲಿಸುತ್ತಾರಂತೆ. ಅಂಥವರು ನನ್ನ ಕುರ್ಚಿಯನ್ನು ಕಂಡರೆ ಬೆವರುತ್ತಿದ್ದರು. ಒಮ್ಮೆ ಫೋನ್ ಬಂತೆಂದು ಹೊರಗೆ ಹೋದವರು ವಾಪಸು ಬರಲಿಲ್ಲ. ಇನ್ನೊಮ್ಮೆ ಬಾತ್‌ರೂಮಿಗೆಂದು ಎದ್ದವರು ಹಿಂದಿನ ಗೇಟಿನಿಂದ ಆಟೋ ಹತ್ತಿದರು. ಹೀಗಾಗಿ ಈ ಸಲ ಅವರ ಹೆಂಡತಿ ಜಯಮ್ಮ ಜೊತೆಗೆ ಬಂದು, ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತರು.

ಕಾರಣ ಸಣ್ಣದಲ್ಲ. ಕೆಳಗಿನ ಬಲದವಡೆ ಬಾತು, ಅವರು ಬಹಳ ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ. ಆಗತಾನೇ ಮಗಳ ಮದುವೆ ಮುಗಿದು, ಮುಂದಿನ ವಾರ ಬೀಗರೂಟ ಇತ್ತು. ಗಂಡಿನ ಕಡೆಯವರನ್ನೆಲ್ಲ ಕರೆದು ಮಾಂಸದಡುಗೆ ಮಾಡಿಸಿ ಬಡಿಸುವ ಊಟ ಅದು. "ಬೀಗರ ಪಕ್ಕ ಕೂತ್ಕೊಂಡು ನಾನು ಗಂಜಿ ಕುಡಿಯೋಕಾಗುತ್ತಾ ಡಾಕ್ಟ್ರಮ್ಮಾ?" ಎಂದು ಅವರು ಕೇಳಿದಾಗ ಆ ದೊಡ್ಡ ಕಣ್ಣುಗಳಲ್ಲಿ ನಿಜವಾಗಿಯೂ ನೀರಿತ್ತು. ಬಾವು ಕುತ್ತಿಗೆಗೆ ಇಳಿದರೆ ಬೀಗರೂಟವಲ್ಲ, ಆಸ್ಪತ್ರೆಯೇ ಗತಿಯೆಂದು ನನಗೂ ದಿಗಿಲಿತ್ತು.

ಕೊನೆಯ ಎರಡು ದವಡೆ ಹಲ್ಲುಗಳೂ ಮೇಲುನೋಟಕ್ಕೆ ಒಂದೇ ಥರ ಕಪ್ಪಾಗಿದ್ದವು. ಯಾವುದು ನೋಯುತ್ತದೆ ಎಂದರೆ ಅವರು ಕಿವಿಯಿಂದ ಗದ್ದದವರೆಗೆ ಅಂಗೈ ಸವರಿ, "ಈ ಕಡೆ ಎಲ್ಲಾ" ಎಂದರು. ಎಕ್ಸ್‌ರೇ ತೆಗೆದೆ. ಪರದೆಯ ಮೇಲೆ ಚಿತ್ರ ಬಂತು. ಒಂದು ಹಲ್ಲಿನ ಬೇರು ಸೀಳಿಹೋಗಿದ್ದು ಕಣ್ಣಂಚಿಗೆ ಕಂಡಿತು. ಅದನ್ನು ಉಳಿಸುವ ಮಾತೇ ಇರಲಿಲ್ಲ. ಚಿತ್ರವನ್ನು ನಿಧಾನವಾಗಿ ನೋಡಬಹುದು, ಮನುಷ್ಯ ಎದ್ದು ಹೋದರೆ ಮತ್ತೆ ಸಿಗಲಿಕ್ಕಿಲ್ಲ ಎಂದು ಮೊದಲು ಇಂಜೆಕ್ಷನ್ ಕೊಟ್ಟೆ. ಮುನಿರಾಜಪ್ಪನವರು ಕುರ್ಚಿಯ ಕೈಗಳನ್ನು ಹಿಡಿದ ಹಿಡಿತಕ್ಕೆ ಅವು ಕಿರುಗುಟ್ಟಿದವು. ಅರ್ಧ ನಾಲಿಗೆ, ಅರ್ಧ ತುಟಿ, ಇಡೀ ಬಲದವಡೆ ಮರಗಟ್ಟಿತು. ಗ್ಲೌಸ್ ಕಳಚಿ, ಎಕ್ಸ್‌ರೇಯನ್ನು ಅವರ ಹೆಸರಿನಲ್ಲಿ ಉಳಿಸಿಡೋಣವೆಂದು ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡತೊಡಗಿದೆ. ನನ್ನದು ಕೀಲಿಗಳನ್ನು ನೋಡಿಕೊಂಡು ಟೈಪ್ ಮಾಡುವ ಪದ್ಧತಿ. ಹೆಸರು ಮುಗಿಸಿ ಎಂಟರ್ ಒತ್ತಿ ತಲೆಯೆತ್ತಿದರೆ, ಪರದೆಯ ನಡುವೆ ನಾನು ಕರೆಯದ ಒಂದು ಪೆಟ್ಟಿಗೆ ಚಿಮ್ಮಿಕೊಂಡು ಬಂದು ಆಗಲೇ ಮಾಯವಾಗುತ್ತಿತ್ತು. "ಅಪ್‌ಡೇಟ್ ಸಿದ್ಧವಾಗಿದೆ, ಈಗಲೇ ಆರಂಭಿಸೋಣವೇ?" ಎಂದು ಅದು ಕೇಳಿತ್ತು. ಎಕ್ಸ್‌ರೇಗೆಂದು ನಾನು ಒತ್ತಿದ ಎಂಟರನ್ನು ಅದು ತನಗೆ ಸಿಕ್ಕ ಒಪ್ಪಿಗೆ ಎಂದು ತಿಳಿದು ಎತ್ತಿಕೊಂಡು ಹೋಯಿತು. ಹಲ್ಲು ಹೋಯಿತು, ಬೇರು ಹೋಯಿತು, ಪರದೆಯೆಲ್ಲ ನೀಲಿಯಾಯಿತು. ನಡುವೆ ಚುಕ್ಕಿಗಳ ಒಂದು ಉಂಗುರ ಸುತ್ತತೊಡಗಿತು. ಕೆಳಗೆ ಒಂದು ಸಾಲು: ಕೆಲಸ ನಡೆಯುತ್ತಿದೆ, ಕಂಪ್ಯೂಟರನ್ನು ಆಫ್ ಮಾಡಬೇಡಿ.

ಹೊರಕೋಣೆಗೆ ಹೋಗಿ ಬಸವರಾಜನಿಗೆ ಫೋನ್ ಮಾಡಿದೆ. "ಆಫ್ ಮಾಡಬ್ಯಾಡ್ರಿ ಅತ್ತಿ, ಪೂರಾ ಕೆಡತೈತಿ," ಎಂದ.

"ಎಷ್ಟೊತ್ತು ಹಿಡಿತೈತಿ?"

"ಹೇಳಾಕ ಬರಂಗಿಲ್ರಿ."

"ಇಲ್ಲಿ ಪೇಶಂಟು ಬಾಯಿ ತಕ್ಕೊಂಡು ಕುಂತಾರಲ್ಲೋ!"

ಬಸವರಾಜ ಸ್ವಲ್ಪ ಯೋಚಿಸಿ, "ಮುಚ್ಚಾಕ ಹೇಳ್ರಿ," ಎಂದ.

ಒಳಗೆ ಬಂದರೆ ಮುನಿರಾಜಪ್ಪನವರ ಕಣ್ಣು ಪರದೆಯ ಮೇಲೇ ನೆಟ್ಟಿತ್ತು. ಕೆನ್ನೆಯ ಒಳಗೆ ಹತ್ತಿಯ ಉಂಡೆ, ಮರಗಟ್ಟಿದ ತುಟಿ. "ಏಆಯ್ತು?" ಎಂದರು. ಏನಾಯ್ತು ಎಂದು ಅರ್ಥ.

"ಏನಿಲ್ಲ, ಇನ್ನೇನು ಆಗ್ಹೋಯ್ತು," ಎಂದೆ. ಆಗ ಪರದೆಯ ಮೇಲೆ ನೂರಕ್ಕೆ ಏಳು ಭಾಗ ಆಗಿತ್ತು.

ನಿಜ ಹೇಳಬೇಕೆಂದರೆ ನನಗೇ ಖಾತ್ರಿಯಿರಲಿಲ್ಲ. ಸೀಳಿದ ಬೇರು ಕೊನೆಯ ಹಲ್ಲಿನದೋ ಅದರ ಪಕ್ಕದ್ದೋ? ಕೊನೆಯದೇ ಎಂದು ನೆನಪು ಹೇಳುತ್ತಿತ್ತು. ಹಲ್ಲನ್ನು ತಟ್ಟಿ ನೋವು ಎಲ್ಲಿದೆ ಎಂದು ಕೇಳೋಣವೆಂದರೆ ಎರಡೂ ಮರಗಟ್ಟಿದ್ದವು. ನೆನಪನ್ನು ನಂಬಿ ಇಕ್ಕಳ ಹಾಕುವಷ್ಟು ಧೈರ್ಯ ನನಗಿಲ್ಲ. ಇಂದು ಬೇಡ, ನಾಳೆ ಬನ್ನಿ ಎಂದು ಕಳಿಸಿದರೆ ಈ ಮನುಷ್ಯ ಈ ಜನ್ಮದಲ್ಲಿ ಬರುವುದಿಲ್ಲ. ಕಾಯುವುದೊಂದೇ ದಾರಿ. ಮುನಿರಾಜಪ್ಪನವರಿಗೂ ಏನೋ ಸರಿಯಿಲ್ಲ ಎಂಬ ವಾಸನೆ ಹತ್ತಿತು. ಏಳಲು ನೋಡಿದರು. ತಲೆ ಕೆಳಗೆ, ಕಾಲು ಮೇಲೆ ಮಾಡಿ ಮಲಗಿಸುವ ಕುರ್ಚಿಯಲ್ಲಿ ಅಷ್ಟು ದೊಡ್ಡ ಆಳು ಏಳುವುದು ಸುಲಭವಲ್ಲ. ಒಂದು ಕಾಲು ಎತ್ತುವಷ್ಟರಲ್ಲಿ ಜಯಮ್ಮ ಬಾಗಿಲಿನಿಂದ ಎದ್ದು ಬಂದು ಭುಜದ ಮೇಲೆ ಕೈಯಿಟ್ಟರು. "ಮಲ್ಕೊಳ್ಳಿ ರೀ," ಎಂದರು. ಸ್ಟೆಲ್ಲಾ ಅವರಿಗೊಂದು ಸ್ಟೂಲು ತಂದುಕೊಟ್ಟಳು.

ಜಯಮ್ಮ ಕೂತು, ಸೆರಗು ಸರಿಮಾಡಿಕೊಂಡು, ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮದುವೆಯಾದಾಗಿನಿಂದ ಆ ಬಾಯಿ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವರು ನೋಡಿದ್ದು ಅದೇ ಮೊದಲಿರಬೇಕು. ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟ್ರೇ, ಇವ್ರು ಈಗ ಮಾತಾಡ್ಬಾರ್ದು ಅಲ್ವಾ?" ಎಂದು ಕೇಳಿದರು.

"ಹತ್ತಿ ಬೀಳುತ್ತೆ, ಮಾತಾಡ್ದಿದ್ರೆ ಒಳ್ಳೇದು," ಎಂದೆ.

"ಹಂಗಾದ್ರೆ ನಾನು ಒಂದು ವಿಷ್ಯ ಮಾತಾಡ್ಬಿಡ್ತೀನಿ," ಎಂದು ಶುರು ಮಾಡಿದರು. "ನಮ್ಮನೇಲಿ ಒಂದು ಕಾರಿದೆ ಡಾಕ್ಟ್ರೇ. ಇವ್ರು ಒಂದ್ಸಲ ಗೇಟಿನ ಕಂಬಕ್ಕೆ ಗುದ್ದಿದ್ಮೇಲೆ ಓಡ್ಸೋದು ಬಿಟ್ಬಿಟ್ರು. ಹೊದಿಕೆ ಹೊದ್ಸಿ ನಿಲ್ಸಿದಾರೆ. ದಿನಾ ಬೆಳಿಗ್ಗೆ ಒರೆಸ್ತಾರೆ. ನಾನು ಓಡ್ಸೋದು ಕಲೀತೀನಿ ಅಂದ್ರೆ, ಮೆಟ್ರೋ ಇದ್ಯಲ್ಲ ಕಣೇ ಅಂತಾರೆ. ನಮ್ಮಕ್ಕನ ಮನೆ ಹಲಸೂರು ಕೆರೆ ಹತ್ರ. ಅಲ್ಲಿಗೆ ಹೋಗ್ಬೇಕು ಅಂದ್ರೆ ಮೊದ್ಲು ಮನೆಯಿಂದ ಸ್ಟೇಷನ್‌ಗೆ ಆಟೋದವನನ್ನ ಬೇಡ್ಬೇಕು. ಮೆಟ್ರೋ ಏನು ನಮ್ಮನೆ ಹೊಸ್ಲಿಗೆ ಬರುತ್ತಾ?"

"ಊಹೂಂ," ಎಂದು ಮುನಿರಾಜಪ್ಪನವರು ಏನನ್ನೋ ತಡೆಯಲು ನೋಡಿದರು. ಮರಗಟ್ಟಿದ ಬಾಯಲ್ಲಿ ಮೊದಲಿನ ಊ ಒಳಗೇ ಉಳಿದು, ಹೊರಗೆ ಬಂದದ್ದು "ಹೂಂ" ಮಾತ್ರ.

"ನೋಡಿ, ಒಪ್ಕೊಂಡ್ರು, ಬರಲ್ಲ ಅಂತ," ಎಂದರು ಜಯಮ್ಮ. "ರೀ, ನಮ್ಮ ಬೀದಿ ಕೊನೇಲಿ ಡ್ರೈವಿಂಗ್ ಸ್ಕೂಲಿದೆ. ಒಬ್ರು ಲೇಡಿ ಕಲಿಸ್ತಾರೆ. ನಾನು ಸೇರ್ಲಾ?"

ಮುನಿರಾಜಪ್ಪನವರು ಗಾಬರಿಯಿಂದ ಇನ್ನೂ ಜೋರಾಗಿ, "ಹೂಂ! ಹೂಂ!" ಎಂದರು. ತಲೆಯನ್ನಾದರೂ ಅಡ್ಡಡ್ಡ ಆಡಿಸೋಣವೆಂದರೆ ಕುರ್ಚಿಯ ದಿಂಬು ಎರಡೂ ಕಡೆಯಿಂದ ತಲೆಯನ್ನು ಅವುಚಿಕೊಂಡಿತ್ತು.

"ಡಾಕ್ಟ್ರೇ, ನೀವೇ ಸಾಕ್ಷಿ. ಸ್ಟೆಲ್ಲಮ್ಮಾ, ನೀನೂ ಕೇಳಿಸ್ಕೊಂಡ್ಯಲ್ಲ?"

"ಎರಡು ಸಲ ಹೂಂ ಅಂದ್ರು ಅಕ್ಕಾ," ಎಂದಳು ಸ್ಟೆಲ್ಲಾ. ನಾನು ಬೇಸಿನ್ನಿನ ಕಡೆ ತಿರುಗಿ, ತೊಳೆದಿದ್ದ ಕೈಯನ್ನೇ ಮತ್ತೆ ತೊಳೆದುಕೊಂಡೆ. ನಗು ಬಂದಾಗ ಡಾಕ್ಟರುಗಳಿಗೆ ಇರುವ ಒಂದೇ ಮರೆ ಅದು.

ಅಷ್ಟರಲ್ಲಿ ಪರದೆಯ ಮೇಲೆ ನೂರಕ್ಕೆ ನೂರು ಬಂತು. ಉಂಗುರ ಮಾಯವಾಯಿತು. ನಾನು ಗ್ಲೌಸಿಗೆ ಕೈ ಹಾಕಿದೆ. ಕಂಪ್ಯೂಟರು ಒಮ್ಮೆ ಕಪ್ಪಾಗಿ, ಉಸಿರೆಳೆದು, ಮತ್ತೆ ನೀಲಿಯಾಗಿ, "ಎರಡನೆಯ ಹಂತ" ಎಂದು ಸೊನ್ನೆಯಿಂದ ಶುರು ಮಾಡಿತು. ಮುನಿರಾಜಪ್ಪನವರು ನನ್ನ ಮುಖ ನೋಡಿದರು. "ಇನ್ನೇನು ಆಗ್ಹೋಯ್ತು," ಎಂದೆ.

ಅಂತೂ ಅದು ಮುಗಿಯಿತು. ಮುಗಿದ ಮೇಲೆ ಸುಮ್ಮನೆ ಕೆಲಸಕ್ಕೆ ಬಿಟ್ಟಿತೇ? ಮೊದಲು ನಮಸ್ಕಾರ ಎಂದಿತು. ಆಮೇಲೆ, ನಿಮಗಾಗಿ ಎಷ್ಟೊಂದು ಹೊಸತು ತಂದಿದ್ದೇವೆ, ಒಂದು ಸುತ್ತು ನೋಡಿ ಬರೋಣ ಬನ್ನಿ ಎಂದು, ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಗೈಡಿನ ಹಾಗೆ ಒಂದೊಂದೇ ಚಿತ್ರ ತೋರಿಸತೊಡಗಿತು. ನಿಮ್ಮ ಫೋಟೋಗಳನ್ನೆಲ್ಲ ಕ್ಲೌಡಿಗೆ ಕಳಿಸಲೇ ಎಂದು ಕೇಳಿತು. ಈಗ ಬೇಡ. ನಿಮ್ಮ ಆಸಕ್ತಿಗೆ ತಕ್ಕ ಸುದ್ದಿಗಳನ್ನು ತೋರಿಸಲೇ? ಈಗ ಬೇಡ. ನಿಮ್ಮ ಮುಖ ಗುರುತಿಟ್ಟುಕೊಳ್ಳಲೇ? ಮಾಸ್ಕಿನ ಹಿಂದಿದ್ದ ನನ್ನ ಮುಖ ಆಗ ಯಾರೂ ಗುರುತಿಟ್ಟುಕೊಳ್ಳುವಂತಿರಲಿಲ್ಲ. ಕಡೆಗೆ ಹುಡುಕುವ ಜಾಗದಲ್ಲಿ ಮುನಿರಾಜಪ್ಪ ಎಂದು ಬರೆದೆ. ಅದು ನನ್ನ ಯಂತ್ರದೊಳಗೆ ಹುಡುಕುವುದನ್ನು ಬಿಟ್ಟು ಇಡೀ ಇಂಟರ್ನೆಟ್ಟಿಗೆ ಹೋಗಿ, ಸೈಟು ಮಾರುವ ಮುನಿರಾಜಪ್ಪ, ಭಜನೆ ಹಾಡುವ ಮುನಿರಾಜಪ್ಪ, ಶಾಮಿಯಾನ ಬಾಡಿಗೆಗೆ ಕೊಡುವ ಮುನಿರಾಜಪ್ಪ ಎಂದು ಒಬ್ಬೊಬ್ಬರನ್ನೇ ತಂದು ನಿಲ್ಲಿಸಿತು. ನನ್ನ ಕುರ್ಚಿಯಲ್ಲಿ ಮಲಗಿದ್ದ ಮುನಿರಾಜಪ್ಪನವರ ಎಕ್ಸ್‌ರೇ ಮಾತ್ರ ಎಲ್ಲಿಯೂ ಇರಲಿಲ್ಲ.

ಮತ್ತೆ ತೆಗೆಯದೆ ಬೇರೆ ದಾರಿಯಿರಲಿಲ್ಲ. ಬಿಲ್ಲೆಯನ್ನು ಬಾಯೊಳಗೆ ಇಡಲು ಹೋಗುವಾಗ ಈಗ ಎದ್ದು ಓಡುತ್ತಾರೆ ಎಂದುಕೊಂಡೆ. ಅವರು ಅಲುಗಾಡಲಿಲ್ಲ. ಕಣ್ಣು ಛಾವಣಿಯ ಮೇಲಿತ್ತು, ಮನಸ್ಸು ಎಲ್ಲೋ ಇತ್ತು. ಚಿತ್ರ ಬಂತು. ಸೀಳಿದ್ದು ಕೊನೆಯ ಹಲ್ಲಲ್ಲ, ಅದರ ಪಕ್ಕದ್ದು. ಅವಸರಕ್ಕೆ ನೆನಪನ್ನು ನಂಬಿದ್ದರೆ ಉಳಿಸಬಹುದಾದ ಹಲ್ಲು ತಟ್ಟೆಯಲ್ಲಿರುತ್ತಿತ್ತು, ಕೆಟ್ಟದ್ದು ಬೀಗರೂಟಕ್ಕೆ ಹೋಗುತ್ತಿತ್ತು. ಒಂದು ಗುಟುಕು ನೀರು ಕುಡಿದು, ಮರಗಟ್ಟಿದ್ದು ಇನ್ನೂ ಬಿಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೆಲಸ ಶುರು ಮಾಡಿದೆ. ಹಲ್ಲು ಹಟ ಮಾಡಲಿಲ್ಲ. ಅದರ ಯಜಮಾನರೂ ಮಾಡಲಿಲ್ಲ. ಹಲ್ಲನ್ನು ತೋರಿಸಿ, "ಆಯ್ತು ನೋಡಿ" ಎಂದಾಗ ಅವರು ಅದರ ಕಡೆ ನೋಡಲೂ ಇಲ್ಲ. ಗಾಜ್ ಬಟ್ಟೆ ಕಚ್ಚಿಕೊಂಡೇ, ಬಹಳ ದುಃಖದಿಂದ, "ಕ್ಲಚ್ಚು ಸವ್ದೋಗುತ್ತೆ," ಎಂದರು. ಇಷ್ಟು ದಿನ ಹಲ್ಲಿಗೆ ಹೆದರುತ್ತಿದ್ದವರ ಹೆದರಿಕೆಯೆಲ್ಲ ಒಟ್ಟಾಗಿ ಕಾರಿಗೆ ವರ್ಗವಾಗಿತ್ತು.

ಹೊರಡುವಾಗ ಬಾಗಿಲಲ್ಲಿ ಸಣ್ಣ ವಾದ ನಡೆಯಿತು. "ನಾನು ಊಹೂಂ ಅಂದಿದ್ದು ಕಣೇ," ಎಂದು ಅವರು ತೊದಲಿದರು. "ಊಹೂಂನಲ್ಲೂ ಹೂಂ ಇದೆ, ನಡೀರಿ," ಎಂದರು ಜಯಮ್ಮ.

ಬೀಗರೂಟ ಚೆನ್ನಾಗಿ ಆಯಿತಂತೆ. ಮುನಿರಾಜಪ್ಪನವರು ಎಡಗಡೆಯಿಂದಲೇ ಅಗಿದು, ಬೀಗರು ಎದ್ದ ಮೇಲೂ ಕೂತಿದ್ದರಂತೆ. ಆಮೇಲೆ ಬಹಳ ದಿನ ಅವರು ಈ ಕಡೆ ಸುಳಿಯಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಗೇಟಿನ ಹೊರಗೆ ಎಂಜಿನ್ ಗೊರಗೊರ ಎಂದು ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತಿತು. ಕಿಟಕಿಯಿಂದ ನೋಡಿದೆ. ಕಾರು ರಸ್ತೆಗೆ ಅಷ್ಟೇನೂ ಅಡ್ಡವಾಗಿರಲಿಲ್ಲ. ಜಯಮ್ಮ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಇಳಿದರು. ಇನ್ನೊಂದು ಬಾಗಿಲಿನಿಂದ ಮುನಿರಾಜಪ್ಪನವರು ನಿಧಾನವಾಗಿ ಇಳಿದು, ಮೊದಲು ನೆಲವನ್ನು ಕಾಲಿನಿಂದ ಒತ್ತಿ ನೋಡಿಕೊಂಡರು. ಟಿನ್ ಫ್ಯಾಕ್ಟರಿ ವೃತ್ತದ ಟ್ರಾಫಿಕ್ಕನ್ನು ದಾಟಿಸಿಕೊಂಡು ಬಂದಿದ್ದರು ಜಯಮ್ಮ. ಆ ಮುಖದಲ್ಲಿದ್ದ ಬೆಳಕು ಅವರು ಹಿಂದೆ ನಮಗೆ ತೋರಿಸಿದ್ದ ಮಗಳ ಮದುವೆಯ ಫೋಟೋಗಳಲ್ಲೂ ಇರಲಿಲ್ಲ. ಹೊರಗಿನ ಕೋಣೆಯಲ್ಲಿ ಸ್ಟೆಲ್ಲಾಳ ಪಕ್ಕ ಕೂತು ರಸ್ತೆಯ ಕಥೆ ಹೇಳತೊಡಗಿದರು.

ಇತ್ತ, ಉಳಿದ ಕಪ್ಪು ಹಲ್ಲನ್ನು ತೋರಿಸಲು ಬಂದಿದ್ದ ಮುನಿರಾಜಪ್ಪನವರು ಯಾರೂ ಹೇಳದೆ ಕುರ್ಚಿಗೆ ಹೋಗಿ ಆರಾಮಾಗಿ ಮಲಗಿದರು. ಆ ಕಾರಿನಲ್ಲಿ ಬಂದವರಿಗೆ ನನ್ನ ಕುರ್ಚಿ ಹೂವಿನ ಹಾಸಿಗೆಯ ಹಾಗೆ ಕಂಡಿರಬೇಕು. ಅವತ್ತು ಅಷ್ಟು ಹೊತ್ತು ಕಾಯಿಸಿದ್ದಕ್ಕೆ ಅವರಲ್ಲಿ ಕ್ಷಮೆ ಕೇಳಬೇಕು ಅನ್ನಿಸಿತು. ಶುರು ಮಾಡಿದ್ದು ಕ್ಷಮೆ ಕೇಳಲು, ಆದರೆ ಕಂಪ್ಯೂಟರಿನ ಹೆಸರೆತ್ತಿದ ಕೂಡಲೇ ನನಗೆ ಸಿಟ್ಟೇರಿ ಮಾತು ಉದ್ದವಾಯಿತು.

"ನಂದೇನು ತಪ್ಪಿರ್ಲಿಲ್ಲ ಮುನಿರಾಜಪ್ಪನವರೇ. ಆ ಸಿಸ್ಟಮ್ ಮಾಡಿರೋ ಥರಾನೇ ಹಾಗಿದೆ. ಬೇಡ ಅನ್ನೋಕೆ ದಾರೀನೇ ಇಡಲ್ಲ. ನಾವು ಉತ್ತರ ಕೊಡೋಕೆ ಆಗದೇ ಇರೋ ಹೊತ್ತು ನೋಡ್ಕೊಂಡೇ ಪ್ರಶ್ನೆ ಕೇಳುತ್ತೆ. ಆಗ್ಹೋಯ್ತು, ಆಗ್ಹೋಯ್ತು ಅಂತ ಸುಳ್ಳು ಹೇಳ್ತಾ ಮತ್ತೆ ಮೊದಲಿಂದ ಶುರು ಮಾಡುತ್ತೆ. ಮಧ್ಯದಲ್ಲಿ ಬಿಟ್ಟು ಎದ್ದು ಹೋಗೋ ಹಾಗಾದ್ರೂ ಇದ್ಯಾ? ಅದೂ ಇಲ್ಲ. ಇಷ್ಟೆಲ್ಲ ಮಾಡಿ, ಇದೆಲ್ಲ ನಿಮ್ಮ ಒಳ್ಳೇದಕ್ಕೇ ಅನ್ನುತ್ತೆ!"

ಮುನಿರಾಜಪ್ಪನವರು ಮಲಗಿದಲ್ಲಿಂದಲೇ ಶಾಂತವಾಗಿ ಕೇಳಿದರು. ಮೀಸೆಯನ್ನೊಮ್ಮೆ ಸವರಿಕೊಂಡರು.

"ಅದನ್ನ ಮಾಡಿದೋನು ಯಾರೋ ನಂಗೊತ್ತಿಲ್ಲ ಡಾಕ್ಟ್ರಮ್ಮಾ," ಎಂದರು. "ಆದ್ರೆ ಅವ್ನು ನಿಮ್ಮ ಹತ್ರಾನೇ ಹಲ್ಲು ತೋರಿಸ್ಕೊಂಡು ಹೋಗಿರ್ಬೇಕು."

ಹೊರಕೋಣೆಯಲ್ಲಿ ಮಾತು ನಿಂತು, ಸ್ಟೆಲ್ಲಾ ಕಿಸಕ್ಕೆಂದದ್ದು ಕೇಳಿಸಿತು. ನಾನು ದೀಪವನ್ನು ಅವರ ಮುಖದ ಮೇಲಕ್ಕೆ ಎಳೆದು, ಕನ್ನಡಿಯನ್ನು ಕೈಗೆತ್ತಿಕೊಂಡು, "ಬಾಯಿ ತೆಗೀರಿ," ಎಂದೆ.